ಸಿನಿಮಾ ನಟನ ಜಾರುಬಂಡೆಗೆ ನನ್ನ ಈಡುಗಾಯಿ

ಆ ವರ್ಷ ನಾನು ಕೆಲಸ ಮಾಡುತ್ತಿದ್ದ ಬ್ಯಾಂಕು ಮುಳುಗಿತು. ನಾನೊಬ್ಬನೇ ಮುಳುಗಿಸಿದ್ದಲ್ಲ, ದೇವರಾಣೆ! ಊರಿನ ಮುನಿಸಿಪಾಲಿಟಿಯವರ ಹತ್ತಿರವೂ ದುಡ್ಡಿರಲಿಲ್ಲ. ಹಾಗಾಗಿ ಫ್ಲೋರಲ್ ಪಾರ್ಕ್ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಮನೆಯೆದುರಿನ ಮಕ್ಕಳ ಪಾರ್ಕನ್ನು ಒಬ್ಬ ಸಿನಿಮಾ ನಟ ತನ್ನ ಖರ್ಚಿನಲ್ಲಿ ಹೊಸದು ಮಾಡಿಸಿದ. ಜಾರುಬಂಡೆ, ಉಯ್ಯಾಲೆ, ನೀರಿನ ನಲ್ಲಿ, ಎಲ್ಲದರ ಮೇಲೂ ಅವನದೇ ಹೆಸರು. ಪಾರಿವಾಳಗಳಿಗೆ ಮಾತ್ರ ಇನ್ನೂ ಅಂಟಿಸಿರಲಿಲ್ಲ.

ಉದ್ಘಾಟನೆಯ ದಿನ ನನ್ನ ಹೆಂಡತಿ ಸುಮಾ ಇಂಟರ್‌ವ್ಯೂ ಸೂಟಿಗೆ ಇಸ್ತ್ರಿ ಹಾಕಿ ಕೊಟ್ಟಳು.

"ಅವನ ಟ್ರಸ್ಟ್‌ಗೆ ಅಕೌಂಟೆಂಟ್ ಬೇಕಂತೆ ರೀ. ಸುಮ್ನೆ ಹೋಗಿ ಒಂದು ಹಲೋ ಹೇಳಿ ಬನ್ನಿ."

"ಹಲೋ ಎಲ್ಲಾರೂ ಹೇಳ್ತಾರೆ ಕಣೇ. ನಾನು ಇಂಪ್ರೆಸ್ ಮಾಡ್ತೀನಿ!" ಎನ್ನುತ್ತಾ ದೇವರ ಮುಂದಿದ್ದ ತೆಂಗಿನಕಾಯಿ ಎತ್ತಿಕೊಂಡೆ. "ಹೊಸ ಕಾರಿಗೇ ಈಡುಗಾಯಿ ಒಡೀತೀವಿ. ಇಷ್ಟು ದೊಡ್ಡ ಜಾರುಬಂಡೆಗೆ ಬೇಡ್ವಾ?"

"ಅಯ್ಯೋ, ಬೇಡ ರೀ!"

ಬೇಡ ಎಂದ ಮೇಲೆ ಮಾಡದಿದ್ದರೆ ನಾನೆಂಥ ಗಂಡ?

ನಟ ರಿಬ್ಬನ್ ಕತ್ತರಿಸಿದ ಕೂಡಲೇ ಮುಂದೆ ನುಗ್ಗಿ, "ಸರ್, ದೃಷ್ಟಿ ಆಗದಿರಲೆಂದು ನಮ್ಮ ಕಡೆ ಕಾಯಿ ಒಡೆಯುತ್ತೇವೆ" ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. "ಬ್ಯೂಟಿಫುಲ್!" ಎಂದ. ಕ್ಯಾಮೆರಾಗಳೆಲ್ಲ ನನ್ನತ್ತ ತಿರುಗಿದವು. ಜಾರುಬಂಡೆಗೆ ನಿವಾಳಿಸಿ, ಎರಡೂ ಕೈಯೆತ್ತಿ, ಇಷ್ಟದೇವತೆಯನ್ನು ನೆನೆದು ನೆಲಕ್ಕೆ ಅಪ್ಪಳಿಸಿದೆ.

ಕಾಯಿ ಒಡೆಯಲಿಲ್ಲ. ಹಾರಿತು!

ಮಕ್ಕಳು ಬಿದ್ದರೆ ತಲೆ ಒಡೆಯಬಾರದೆಂದು ಅಲ್ಲಿ ದಪ್ಪ ರಬ್ಬರಿನ ನೆಲ ಹಾಸಿದ್ದರು. ಮಕ್ಕಳ ತಲೆಯೇ ಒಡೆಯದ ಕಡೆ ಕಾಯಿ ಒಡೆಯುವುದೇ? ಅದು ನನ್ನ ತಲೆಯ ಮೇಲಿಂದ ಸಾಗಿ, ನಟನ ಮುಖದ ಆಕಾರದಲ್ಲಿದ್ದ ಕೇಕಿನ ಮೂಗಿನ ಮೇಲೆ ಕೂತಿತು. ಮರುಕ್ಷಣ ಸೆಕ್ಯುರಿಟಿಯವನು ನನ್ನನ್ನೂ ನೆಲಕ್ಕೆ ಕೆಡವಿದ. ನನಗೂ ಏನೂ ಆಗಲಿಲ್ಲ. ನೆಲ ನಿಜಕ್ಕೂ ಚೆನ್ನಾಗಿತ್ತು.

ನಟ ಮಹಾ ಚುರುಕು. ಕೆನ್ನೆಗೆ ಸಿಡಿದ ಕ್ರೀಮ್ ಒರೆಸಿಕೊಂಡು ಕ್ಯಾಮೆರಾಕ್ಕೆ ಹೇಳಿದ: "ನೋಡಿದಿರಾ? ನಿಮ್ಮ ಮಕ್ಕಳು ಇಲ್ಲಿ ಎಷ್ಟು ಸೇಫ್!" ಭರ್ಜರಿ ಚಪ್ಪಾಳೆ.

ಮರುದಿನ ಪೇಪರಿನಲ್ಲಿ ನಟನಿದ್ದ, ಕೇಕಿತ್ತು, ಕಾಯಿಯಿತ್ತು. ನನ್ನದು ಬರೀ ಮೊಣಕೈ.

"ಮೊಣಕೈ ನೋಡಿ ಯಾರ್ ರೀ ಕೆಲಸ ಕೊಡ್ತಾರೆ?" ಎಂದು ಸುಮಾ ಹಣೆ ಚಚ್ಚಿಕೊಳ್ಳುತ್ತಿದ್ದಾಗಲೇ ಫೋನ್ ಬಂತು. ಟ್ರಸ್ಟಿನವರದೇ! ಸೆಕ್ಯುರಿಟಿಯವನು ಬರೆದುಕೊಂಡಿದ್ದ ನನ್ನ ನಂಬರು ಕೊನೆಗೂ ಉಪಯೋಗಕ್ಕೆ ಬಂದಿತ್ತು.

"ಬ್ರಿಡ್ಜ್‌ವಾಟರ್‌ನಲ್ಲಿ ಇನ್ನೊಂದು ಪಾರ್ಕ್ ಓಪನ್ ಆಗ್ತಿದೆ. ನೀವು ಬರಬೇಕು."

"ಅಕೌಂಟೆಂಟ್ ಆಗಿಯಾ?"

"ಇಲ್ಲ, ಕಾಯಿ ಎಸೆಯೋಕೆ. ಸಂಬಳ ಇಲ್ಲ, ವಾಲಂಟಿಯರ್. ಕಾಯಿ ನೀವೇ ತರಬೇಕು."

ನನಗೂ ಒಂದು ಮರ್ಯಾದೆ ಬೇಡವೇ? ಖಡಾಖಂಡಿತವಾಗಿ, "ಯೋಚಿಸಿ ಹೇಳ್ತೀನಿ" ಎಂದೆ.

ಭಾನುವಾರ ಸೂಟು ಹಾಕಿಕೊಂಡು ಹೋಗಿಬಂದೆ. ಅಲ್ಲೂ ಒಡೆಯಲಿಲ್ಲ!