ಎಂಬತ್ತು ಲಕ್ಷ ಟೇಪು ದೂರ

ನಮ್ಮ ಬೀದಿಯ ಟೈಲರಣ್ಣನಿಗೆ ವಿಮಾನವೆಂದರೆ ಮೊದಲಿನಿಂದಲೂ ಆಗದು. ಕಾಲಡಿ ನೆಲವಿಲ್ಲದ ಕಡೆ ಮನುಷ್ಯ ಕೂರಬಾರದು ಎನ್ನುವುದು ಅವನ ಮಹಾಸಿದ್ಧಾಂತ. ಆ ಸಿದ್ಧಾಂತದ ದೆಸೆಯಿಂದ ಅವನ ಹೆಂಡತಿ ತನ್ನ ತಂಗಿಯ ಮುಖ ನೋಡಿ ಒಂಬತ್ತು ವರ್ಷವಾಗಿತ್ತು. (ತಂಗಿ ಇದ್ದದ್ದು ಭೂಮಿಯ ಆಚೆ ಮಗ್ಗುಲಲ್ಲಿ.) ಒಬ್ಬಳೇ ಹೋಗಿ ಬಾ ಎಂದರೆ ಅವಳು ಒಪ್ಪಳು. ಒಂದು ಲೋಟ ನೀರು ಕಾಯಿಸಿಕೊಳ್ಳಲು ಬಾರದ ಗಂಡನನ್ನು ಯಾರ ಕೈಗೆ ಒಪ್ಪಿಸಿ ಹೋಗುವುದು?

ಕಾದು ಕಾದು ಸಾಕಾಗಿ ತಂಗಿಯೇ ಇಬ್ಬರಿಗೂ ಟಿಕೆಟ್ ಕಳಿಸಿದಳು. ಟೈಲರಣ್ಣ ಕನ್ನಡಕ ಏರಿಸಿ ಓದಿದ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೊರಟು, ಅದೇ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ತಲುಪುವುದು. ದೂರ ಹನ್ನೆರಡು ಸಾವಿರ ಕಿಲೋಮೀಟರು. ಕೊರಳಲ್ಲಿದ್ದ ಒಂದೂವರೆ ಮೀಟರಿನ ಟೇಪು ತೆಗೆದು, ಕಟಿಂಗ್ ಮೇಜಿನ ಮೇಲೆಯೇ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದ. ಎಂಬತ್ತು ಲಕ್ಷ ಟೇಪು! ತಾನು ಒಂದು ಪ್ಯಾಂಟು ಹೊಲಿಯುವಷ್ಟರಲ್ಲಿ ಎಂಬತ್ತು ಲಕ್ಷ ಟೇಪು. ಮನುಷ್ಯನ ಬುದ್ಧಿಗೆ ಅಲ್ಲೇ ನಿಂತು ಕೈ ಮುಗಿದ.

"ಎರಡೇ ಗಂಟೆ ತಾನೆ, ಉಸಿರು ಬಿಗಿಹಿಡಿದು ಕೂತುಬಿಡ್ತೀನಿ. ಬರ್ತೀನಿ ಕಣೇ."

ವಾಪಸು ಟಿಕೆಟ್ ನೋಡಿದಾಗ ಮಾತ್ರ ಕನ್ನಡಕ ಒರೆಸಿ ಮತ್ತೆ ಓದಿದ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಿಟ್ಟರೆ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ ಇಪ್ಪತ್ತಾರು ಗಂಟೆ. ಒಂದು ದಿನ ತಲೆ ಕೆಡಿಸಿಕೊಂಡು ಕೊನೆಗೆ ಕಾರಣ ಕಂಡುಹಿಡಿದ. ಭೂಮಿ ಗುಂಡಗಿದೆ, ಹೋಗುವಾಗ ಇಳಿಜಾರು, ಬರುವಾಗ ಏರು. ಬರುವಾಗ ಹಡಗು ಹತ್ತಿದರಾಯಿತು ಎಂದು ಗುಟ್ಟಾಗಿ ತೀರ್ಮಾನಿಸಿ, ಅಳತೆ ಕೊಡಲು ಬಂದವರಿಗೆಲ್ಲ ಈ ಇಳಿಜಾರಿನ ಪಾಠ ಮಾಡಿದ.

ಹೆಂಡತಿ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲವನ್ನೂ ಕೇಳುತ್ತ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದಳು. ಒಬ್ಬ ಗಿರಾಕಿಗೆ ಕತ್ತಿನ ಸುತ್ತ ಹಾಕಿಕೊಳ್ಳುವ ದಿಂಬು ಬೇಕಂತೆ, ಕತ್ತು ಹೆಚ್ಚುಕಡಿಮೆ ನಿಮ್ಮಷ್ಟೇ, ನಿಮ್ಮ ಅಳತೆಗೇ ಹೊಲಿಯಿರಿ ಎಂದಳು. ಕೂತಲ್ಲೇ ನಿದ್ದೆ ಮಾಡುವ ಆ ಸೋಮಾರಿ ಯಾರಪ್ಪಾ ಎಂದು ನಗುತ್ತಲೇ ಅವನು ಹೊಲಿದುಕೊಟ್ಟ.

ಶನಿವಾರ ವಿಮಾನ ಎದ್ದಿತು. ಕಣ್ಣು ಮುಚ್ಚಿದ್ದವನು ಒಂದು ಕಣ್ಣು ತೆರೆದು ನೋಡಿದರೆ, ಹುಟ್ಟಿ ಬೆಳೆದ ಊರು ಅಂಗಿಯ ಗುಂಡಿಯಷ್ಟಾಗಿತ್ತು. ಆಮೇಲೆ ಬರೀ ಮೋಡ. ಎಲ್ಲೂ ಜೋಡಿಸಿದ ಗುರುತಿಲ್ಲ, ಅಂಚಿಲ್ಲ. ಇಷ್ಟು ಅಗಲ ಪನ್ನದ ಬಟ್ಟೆಯನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ, ಹೆದರುವುದನ್ನೂ ಮರೆತ.

ಕೈಗಡಿಯಾರದಲ್ಲಿ ಸರಿಯಾಗಿ ಹನ್ನೆರಡಾದಾಗ ಎದ್ದು ನಿಂತು ಬ್ಯಾಗು ಇಳಿಸಿದ.

"ಏಳೇ, ಊರು ಬಂತು."

"ಕೂತ್ಕೊಳ್ಳಿ. ಇನ್ನೂ ಹನ್ನೆರಡು ಗಂಟೆ ಇದೆ," ಎಂದಳು ಅವಳು ಕಣ್ಣು ಬಿಡದೆ.

ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹನ್ನೆರಡು ಗಂಟೆ ಹಿಂದೆ ಎಂದು ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಹೋಗುವ ಎರಡು, ಬರುವ ಇಪ್ಪತ್ತಾರು, ಕೂಡಿಸಿ ಬಟ್ಟೆ ಮಡಿಸಿದ ಹಾಗೆ ಅರ್ಧಕ್ಕೆ ಮಡಿಸಿದರೆ ಹದಿನಾಲ್ಕು. ಏರೂ ಇಲ್ಲ, ಇಳಿಜಾರೂ ಇಲ್ಲ.

"ಎಲ್ಲಾ ಗೊತ್ತಿದ್ದೂ ಒಂದು ಮಾತು ಹೇಳಲಿಲ್ವಲ್ಲೇ."

"ಹೇಳಿದ್ರೆ ಬರ್ತಿದ್ರಾ?"

ಟೈಲರಣ್ಣ ಧೊಪ್ಪನೆ ಕೂತ. ಕಿಟಕಿಯಾಚೆಯ ಬಟ್ಟೆ ಇನ್ನೂ ಮುಗಿದಿರಲಿಲ್ಲ. ಆದರೆ ಈಗ ಅವನು ಬಾಯಿ ಬಿಟ್ಟು ನೋಡುತ್ತಿದ್ದದ್ದು ಹೆಂಡತಿಯನ್ನು. ಅವಳು ಬ್ಯಾಗಿನಿಂದ ಆ ದಿಂಬು ತೆಗೆದು ಅವನ ಕತ್ತಿಗೆ ಹಾಕಿದಳು. ಅಳತೆ ಸರಿಯಾಗಿ ಕೂತಿತು.