ಬಲ ಕಳಿಸಿ

ಬೆಳಿಗ್ಗೆ ಒಂಬತ್ತೂವರೆಗೆ ಅಂಗಡಿಯ ಮುಂದೆ ಇಳಿದ ಆರುನೂರು ಶೂಗಳೂ ಎಡಗಾಲಿನವೇ ಆಗಿದ್ದವು.

ದಾರಿಯಲ್ಲಿ ಯಾರೂ ಕದಿಯಬಾರದೆಂದು ಎಡಗಾಲಿನವನ್ನು ಒಂದು ಲಾರಿಯಲ್ಲಿ, ಬಲಗಾಲಿನವನ್ನು ಇನ್ನೊಂದರಲ್ಲಿ ಕಳಿಸುವುದು ಮುಖ್ಯ ಕಚೇರಿಯವರ ಜಾಣತನ. ಎರಡೂ ಲಾರಿಗಳು ಊರಿನಲ್ಲಿರುವ ಕಂಪನಿಯ ಎರಡೂ ಅಂಗಡಿಗಳಿಗೆ ಅರ್ಧರ್ಧ ಇಳಿಸಬೇಕಿತ್ತು. ಒಂದೊಂದು ಲಾರಿ ಒಂದೊಂದು ಅಂಗಡಿಗೆ ಪೂರ್ತಿ ಇಳಿಸಿ ಕೈತೊಳೆದುಕೊಂಡಿತ್ತು.

ಸೇಲ್ಸ್‌ಮನ್ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ನೋಡಿದ. ಹನ್ನೊಂದು ವರ್ಷ ಜನರ ಕಾಲ ಬಳಿ ಕೂತವನಿಗೆ ಮುಖಕ್ಕಿಂತ ಪಾದದ ಗುರುತೇ ಹೆಚ್ಚು. ಇವತ್ತು ಅವನಿಗೆ ಬೇಕಾಗಿದ್ದು ಒಂದೇ, ನಾಲ್ಕಕ್ಕೆ ಹೊರಡಲು ಅನುಮತಿ. ನಾಲ್ಕೂವರೆಗೆ ಶಾಲೆಯಲ್ಲಿ ಮಗಳ ಓಟ. ಹಿಂದಿನ ಎರಡು ವರ್ಷವೂ ಅವನಿಗೆ ಹೋಗಲಾಗಿರಲಿಲ್ಲ. ಈ ಸಲ ಅವಳು ಬರುತ್ತೀಯಾ ಎಂದು ಕೇಳಿರಲೇ ಇಲ್ಲ. ಆ ಕೇಳದಿದ್ದುದೇ ಶೂ ಒಳಗೆ ಸೇರಿದ ಹರಳಿನಂತೆ ಒತ್ತುತ್ತಿತ್ತು.

"ಈ ಎಡವಟ್ಟು ಸರಿಹೋದ್ರೆ ನಾಲ್ಕಕ್ಕೇ ಹೋಗಿ. ಇಲ್ಲಾಂದ್ರೆ ಯಾರೂ ಕದಲೋ ಹಾಗಿಲ್ಲ," ಎಂದರು ಮ್ಯಾನೇಜರ್.

ಇನ್ನೊಂದು ಅಂಗಡಿ ಬಸ್ಸಿನಲ್ಲಿ ಹತ್ತು ನಿಮಿಷ. ತಾನೇ ಹೋಗಿ ಅದಲುಬದಲು ಮಾಡಿಕೊಂಡು ಬರುವುದಾಗಿ ಸೇಲ್ಸ್‌ಮನ್ ಹೇಳಿದ. ಮ್ಯಾನೇಜರ್ ಗೋಡೆಯ ಮೇಲಿನ ನಿಯಮ ತೋರಿಸಿದರು. ಅಂಗಡಿಗಳು ತಮ್ಮತಮ್ಮಲ್ಲೇ ವ್ಯವಹರಿಸುವಂತಿಲ್ಲ. ಏನಿದ್ದರೂ ಮುಖ್ಯ ಕಚೇರಿಗೆ ಬರೆಯಬೇಕು.

ಅವನು ಎಂಟು ಸಾಲು ಬರೆದ. "ಇಷ್ಟುದ್ದ ಓದೋಕೆ ಮೇಲಿನೋರಿಗೆ ಪುರುಸೊತ್ತೆಲ್ಲಿ?" ಎನ್ನುತ್ತಾ ಮ್ಯಾನೇಜರ್ ಒಂದೊಂದೇ ಪದ ಹೊಡೆದುಹಾಕಿದರು. ಕೊನೆಗೆ ಉಳಿದದ್ದು ಇಷ್ಟು: 'ಅಂಗಡಿಯಲ್ಲಿ ಬಲ ಇಲ್ಲ. ಕೂಡಲೇ ಬಲ ಕಳಿಸಿ.'

ಹತ್ತೇ ನಿಮಿಷಕ್ಕೆ ಉತ್ತರ ಬಂತು. ಮೂರು ಗಂಟೆಗೆ ತಲುಪುತ್ತದೆ.

ಅದನ್ನೇ ನಂಬಿ ಅವನು ಗಿರಾಕಿಗಳನ್ನು ಕೂರಿಸಿಕೊಂಡ. ನಿವೃತ್ತರೊಬ್ಬರು ಎಡಗಾಲಿಗೆ ಹಾಕಿಕೊಂಡು, ಕನ್ನಡಿಯಲ್ಲಿ ನೋಡಿ ಮೆಚ್ಚಿ, ಬಲಗಾಲನ್ನು ಚಾಚಿದರು. ಅದು ಚಾಚಿಕೊಂಡೇ ಉಳಿಯಿತು. ಮೊಮ್ಮಗನ ಜೊತೆ ಬಂದ ಅಜ್ಜಿ ಅರ್ಧ ಗಂಟೆ ಕಾದು ಹೇಳಿದಳು, "ಒಂದು ಕಾಲಿಗೆ ಶೂ ಕೊಟ್ಟು, ಇನ್ನೊಂದು ಕಾಲಿಗೆ ಬರೀ ಮಾತು ಕೊಡ್ತೀಯಲ್ಲಪ್ಪ." ಎರಡೂವರೆಯ ಹೊತ್ತಿಗೆ ಹನ್ನೊಂದು ಜನ ಒಂದು ಕಾಲಲ್ಲಿ ಹೊಸ ಶೂ, ಇನ್ನೊಂದರಲ್ಲಿ ಹಳೇ ಚಪ್ಪಲಿ ಹಾಕಿಕೊಂಡು, ಮದುವೆ ಅರ್ಧಕ್ಕೆ ನಿಂತವರಂತೆ ಬೆಂಚಿನ ಮೇಲೆ ಕೂತಿದ್ದರು.

ಮೂರಕ್ಕೆ ಸರಿಯಾಗಿ ವ್ಯಾನು ಬಂತು. ಅದರಿಂದ ಎಂಟು ಜನ ಇಳಿದರು, ಬರಿಗೈಯಲ್ಲಿ.

"ಇಲ್ಲಿ ಬಲ ಸಾಲ್ತಿಲ್ಲ ಅಂತ ಮೇಲಿಂದ ಹೇಳಿದ್ರು," ಎಂದ ಅವರಲ್ಲಿ ಹಿರಿಯ. "ನಮ್ಮಂಗಡಿಗೆ ಬೀಗ ಹಾಕಿ ಎಲ್ಲರೂ ಬಂದ್ಬಿಟ್ವಿ."

ಸೇಲ್ಸ್‌ಮನ್ ಮೆಲ್ಲಗೆ ಕೇಳಿದ, "ಬಲಗಾಲಿನವು?"

"ರಾಶಿ ಬಿದ್ದಿವೆ. ನಾವೂ ಬರೆಯೋಣ ಅಂತಿದ್ವಿ, ಅಷ್ಟರಲ್ಲಿ ನೀವೇ ಕರೆಸಿಕೊಂಡ್ರಿ."

ಇಷ್ಟೊಂದು ಸಿಬ್ಬಂದಿಯನ್ನು ಒಟ್ಟಿಗೆ ಕಂಡು ಮ್ಯಾನೇಜರರ ಮುಖ ಅರಳಿತು. ಇಷ್ಟು ಜನರಿರುವಾಗ ತಾನು ಹೊರಡಬಹುದೇ ಎಂದು ಸೇಲ್ಸ್‌ಮನ್ ಕೇಳಿದ.

"ಹೊರಡಲೇಬೇಕು," ಎಂದು ಅವರು ಆ ಹಿರಿಯನಿಂದ ಬೀಗದ ಕೈ ಇಸಿದುಕೊಂಡು ಸೇಲ್ಸ್‌ಮನ್‌ನ ಅಂಗೈಯಲ್ಲಿಟ್ಟರು. "ಆ ಅಂಗಡಿ ಮುಚ್ಚಿದೆ ಅಂತ ಗೊತ್ತಾದ್ರೆ ಯಾರ ತಲೆಗೆ ಬರುತ್ತೆ? ಬಲ ಕೇಳಿದ್ದು ನಿಮ್ಮ ಅಕ್ಷರದಲ್ಲಿ. ಎಂಟರ ತನಕ ಅಲ್ಲಿ ಕೂತಿರಿ."

ಒಂದಷ್ಟು ಎಡಗಾಲಿನವನ್ನಾದರೂ ಒಯ್ಯಲೇ ಎಂದದ್ದಕ್ಕೆ ಅವರು ಮತ್ತೆ ಗೋಡೆ ತೋರಿಸಿದರು.

ನಾಲ್ಕೂವರೆಗೆ ಅವನು ಆರುನೂರು ಬಲಗಾಲುಗಳ ನಡುವೆ ಒಬ್ಬನೇ ಕೂತಿದ್ದ. ಒಂದು ಓಟಕ್ಕೆ ಎಷ್ಟು ಹೊತ್ತು? ಹದಿನೈದು ಸೆಕೆಂಡು ಇರಬಹುದು. ಆ ಹದಿನೈದು ಸೆಕೆಂಡನ್ನು ಅವನು ಮೂರು ವರ್ಷದಿಂದ ಕೇಳುತ್ತಿದ್ದ.

ಐದಕ್ಕೆ ಹೆಂಡತಿಯ ಫೋನಿನಿಂದ ಮಗಳು ಮಾತಾಡಿದಳು.

"ಅಪ್ಪಾ, ಓಟ ಆಗ್ಲಿಲ್ಲ. ನಾಳೆಗೆ ಹಾಕಿದಾರೆ."

ಅವನು ಎದ್ದು ನಿಂತ. "ಯಾಕಮ್ಮಾ?"

"ಪಿ.ಟಿ. ಮೇಷ್ಟ್ರು ಮಧ್ಯಾಹ್ನಾನೇ ಹೊರಟುಹೋದ್ರು. ಅವರ ಮಗಳು ಬೇರೆ ಶಾಲೇಲಿ ಓಡ್ತಾಳಂತೆ, ನೋಡೋಕೆ." ಅವಳು ದನಿ ತಗ್ಗಿಸಿದಳು. "ಅವರಿಗೆ ಯಾರೂ ರಜೆ ಕೊಟ್ಟಿರಲಿಲ್ವಂತೆ ಅಪ್ಪಾ. ಸುಮ್ನೆ ಎದ್ದು ಹೋದ್ರಂತೆ."