ಆಯ್ತಣ್ಣನ ಸೊಟ್ಟ ಹ್ಯಾಂಡಲ್

ಕಾರ್ಖಾನೆಯ ಬಸ್ಸು ನಿಂತುಹೋದದ್ದೇ ಆಯ್ತಣ್ಣನ ಗ್ರಹಚಾರಕ್ಕೆ ಮೂಲವಾಯಿತು. ಹೊಸದಾಗಿ ಬಂದ ಮ್ಯಾನೇಜರು ಗುರುವಾರ ಸಂಜೆ ಅದನ್ನು ನಿಲ್ಲಿಸಿದರು. ಶುಕ್ರವಾರ ಆಯ್ತಣ್ಣ ಎರಡು ಬಸ್ಸು ಬದಲಾಯಿಸಿ, ಉಳಿದ ದಾರಿ ಓಡಿ, ಗೇಟು ಮುಟ್ಟುವ ಹೊತ್ತಿಗೆ ಸೈರನ್ ಕೂಗಿ ಹತ್ತು ನಿಮಿಷವಾಗಿತ್ತು. ಶನಿವಾರವೂ ಹಾಗೇ ಆಯಿತು. ಮೂರನೆಯ ಸಲ ತಡವಾದವರನ್ನು ಕಾರ್ಖಾನೆಯ ಡಾಕ್ಟರ ಮುಂದೆ ನಿಲ್ಲಿಸಬೇಕೆಂಬುದು ಆ ಮ್ಯಾನೇಜರೇ ತಂದ ಇನ್ನೊಂದು ನಿಯಮ. ತಡವಾಗಿ ಬರುವವನ ಮೈಯಲ್ಲಿ ಏನೋ ಐಬಿರುತ್ತದೆ, ಐಬಿದ್ದವನು ಬೀಗ ಮಾಡುವುದಕ್ಕೆ ಬೇಡ ಎಂಬುದು ಅವರ ಸಿದ್ಧಾಂತ. ಆ ತಿಂಗಳಲ್ಲೇ ಕಣ್ಣು ಮಂಜಾದ ಒಬ್ಬನನ್ನೂ ಕಿವಿ ಮಂದವಾದ ಇನ್ನೊಬ್ಬನನ್ನೂ ಡಾಕ್ಟರ ಚೀಟಿಯ ಮೇಲೆ ಮನೆಗೆ ಕಳಿಸಿಯಾಗಿತ್ತು.

ಆಯ್ತಣ್ಣನಲ್ಲಿ ಐಬಿತ್ತು. ಎರಡು ವರ್ಷದ ಹಿಂದೆ ಅವನ ಬಲಗೈ ಮಣಿಕಟ್ಟು ಪ್ರೆಸ್ ಮೆಷಿನ್ನಿನ ಕೆಳಗೆ ಸಿಕ್ಕಿತ್ತು. ಮೂಳೆ ಹೇಗೋ ಕೂಡಿಕೊಂಡಿತು, ಆದರೆ ಮಣಿಕಟ್ಟು ಮೇಲಕ್ಕೂ ಬಾಗದು, ಒಳಕ್ಕೂ ತಿರುಗದು. ಆ ಕಾಲಕ್ಕೆ ಗೇಟಿನ ಮೇಲಿನ ಬೋರ್ಡಿನಲ್ಲಿ 'ಅಪಘಾತವಿಲ್ಲದೆ ೪೧೦ ದಿನ' ಎಂದಿತ್ತು. ಐನೂರು ತುಂಬಿದರೆ ಸೂಪರ್‌ವೈಸರಿಗೆ ಬಹುಮಾನವಿತ್ತು. ಅವನು ಆಯ್ತಣ್ಣನ ಕೈಗೆ ತನ್ನ ಕರವಸ್ತ್ರ ಸುತ್ತುತ್ತಾ, ಮನೆಯಲ್ಲಿ ಏಣಿಯಿಂದ ಬಿದ್ದೆ ಅಂತ ರಜಾ ಬರೆದುಕೊಡು, ಕೆಲಸ ಉಳಿಸೋದು ನನ್ನ ಜವಾಬ್ದಾರಿ ಎಂದಿದ್ದ. ಆಯ್ತಣ್ಣ "ಆಯ್ತು" ಎಂದಿದ್ದ. ಯಾರು ಏನು ಹೇಳಿದರೂ ಅವನ ಬಾಯಿಂದ ಬರುತ್ತಿದ್ದದ್ದು ಅದೊಂದೇ ಮಾತು, ಆ ಹೆಸರು ಬಂದದ್ದೂ ಹಾಗೆಯೇ. ಆಮೇಲೆ ಅವನು ಎಡಗೈಯಲ್ಲಿ ಅರ ಹಿಡಿದು ಬೀಗದ ಕೈ ಉಜ್ಜುವುದನ್ನು ಕಲಿತ. ಲೆಕ್ಕಕ್ಕೆ ಒಂದು ಕೈಯೂ ಕಡಿಮೆಯಾಗದಂತೆ ಕೆಲಸ ಒಪ್ಪಿಸುತ್ತಿದ್ದ. ಪೆಟ್ಟು ಮೆಷಿನ್ನಿನದೆಂದೂ ಕೈ ಸರಿಹೋಗಿಲ್ಲವೆಂದೂ ಗೊತ್ತಿದ್ದದ್ದು ಅವನಿಗೆ, ಅವನ ಹೆಂಡತಿಗೆ ಮತ್ತು ಸೂಪರ್‌ವೈಸರಿಗೆ ಮಾತ್ರ. ಆ ಮನೆಯಲ್ಲಿ ದುಡಿಯುವ ಜೋಡಿ ಕೈ ಅದೊಂದೇ, ಅದರಲ್ಲೂ ಅರ್ಧ ಹೋಗಿತ್ತು.

ಸೋಮವಾರ ತಡವಾಗಕೂಡದು. ಹಾಗಾಗದಿರಬೇಕಾದರೆ ಸೈಕಲ್ಲೇ ಗತಿ. ಶನಿವಾರ ಸಂಜೆ ಭಾವನ ಸೈಕಲ್ ಕೇಳಿ ತಂದು ಬೀದಿಯಲ್ಲಿ ಹತ್ತಿ ನೋಡಿದ. ಎರಡನೆಯ ತಿರುವಿಗೇ ಬಲಗೈ ಮರಗಟ್ಟಿ, ಪಕ್ಕದ ಮನೆಯ ಕಾಂಪೌಂಡು ತಾನಾಗಿ ಎದುರು ಬಂದಂತೆ ಬಂದು ಬಡಿಯಿತು. ಆ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಗೋಡೆಯ ಮೇಲಿಂದ ಬಗ್ಗಿ ನೋಡಿ, ಬೆನ್ನು ನೆಟ್ಟಗಿದ್ದರೆ ಹೀಗಾಗ್ತಿರಲಿಲ್ಲ ಎಂದರು.

ಆದ್ದರಿಂದ ಭಾನುವಾರ ಬೆಳಿಗ್ಗೆ ಅವನು ಬೀದಿಯ ಕೊನೆಯ ಸೈಕಲ್ ಅಂಗಡಿಗೆ ಹೋದ. ಅಲ್ಲಿನ ಮುದುಕ ಮೇಸ್ತ್ರಿ ಹಳೆಯ ಫ್ರೇಮಿಗೆ ಬೇಕಾದ ಭಾಗಗಳನ್ನು ಕೂಡಿಸಿ, ದರ್ಜಿ ಅಂಗಿ ಹೊಲಿದಂತೆ, ಆಳಿನ ಅಳತೆಗೆ ಸೈಕಲ್ ಕಟ್ಟಿಕೊಡುತ್ತಿದ್ದ. ಗೋಡೆಯ ಮೊಳೆಗಳಲ್ಲಿ ಹ್ಯಾಂಡಲ್‌ಗಳು ಸಾಲಾಗಿ ನೇತಾಡುತ್ತಿದ್ದವು. ಟೈರು, ಗ್ರೀಸು, ಪಂಕ್ಚರ್ ಸೊಲ್ಯೂಷನ್ನಿನ ವಾಸನೆ. ಆಯ್ತಣ್ಣ ಮನಸ್ಸಿನಲ್ಲೇ ಎಲ್ಲ ಗೊತ್ತುಮಾಡಿಕೊಂಡು ಬಂದಿದ್ದ. ಹಗುರ ಫ್ರೇಮು, ಸಣ್ಣ ಸೀಟು, ಕ್ಯಾರಿಯರ್ ಬೇಡ, ಗಂಟೆ ಚಿಕ್ಕದು ಸಾಕು. ಹ್ಯಾಂಡಲ್ ವಿಷಯವನ್ನು ಮೇಸ್ತ್ರಿಯ ಕಿವಿಯಲ್ಲಿ ಹೇಳಬೇಕು.

ಹೇಳುವಷ್ಟರಲ್ಲಿ ಭಾವ ಬಂದ. ಹೆಂಡತಿಯ ಅಣ್ಣನಾದ ಇವನು ಅದೇ ಕಾರ್ಖಾನೆಯ ಸ್ಟೋರಿನಲ್ಲಿದ್ದ. ದಿನಕ್ಕೆ ಸಾವಿರ ಬೀಗ ಎಣಿಸಿದರೂ ತನ್ನ ಬಾಯಿಗೊಂದು ಹಾಕಿಕೊಂಡವನಲ್ಲ. ಅವನ ಹಿಂದೆಯೇ ಡ್ರಿಲ್ ಮೇಷ್ಟ್ರು ಬೆನ್ನು ನೆಟ್ಟಗೆ ಮಾಡಿಕೊಂಡು ಬಂದರು. ಯಾರೂ ಕರೆದಿರಲಿಲ್ಲ. ಬಂದವರು ಅಂಗಡಿಯಲ್ಲಿದ್ದ ಎರಡು ಸ್ಟೂಲನ್ನೂ ಹಿಡಿದು ಕೂತರು, ಸೈಕಲ್ ಮಾಡಿಸುವವನು ನಿಂತುಕೊಂಡ.

ಮೊದಲು ಸೀಟು. ಮುಂದೆ ಮೂಲವ್ಯಾಧಿ ಬಂದರೆ ನೋಡಿಕೊಳ್ಳುವವರು ಯಾರು ಎಂದು ಭಾವ ಸ್ಪ್ರಿಂಗಿನ ಅಗಲ ಸೀಟನ್ನೇ ಆರಿಸಿದ. ಆಯ್ತಣ್ಣ ಆಯ್ತು ಎಂದ. ನಾಳೆ ಅಕ್ಕಿ ಮೂಟೆ ತರಬೇಕಾದರೆ ತಲೆಯ ಮೇಲಿಟ್ಟುಕೊಂಡು ತುಳಿಯುತ್ತೀಯಾ ಎಂದು ಮೇಷ್ಟ್ರು ಕಬ್ಬಿಣದ ಕ್ಯಾರಿಯರ್ ಹಾಕಿಸಿದರು. ಅದಕ್ಕೂ ಆಯ್ತು. ಡೈನಮೋ ದೀಪ ಬಂತು, ಜೋಡಿ ಕಾಲಿನ ಸ್ಟ್ಯಾಂಡು ಬಂತು, ಚೈನಿಗೆ ಮುಚ್ಚಳ ಬಂತು, ಶಾಲೆಯ ಗಂಟೆಯಷ್ಟು ಸದ್ದಿನ ಒಂದು ಬೆಲ್ಲೂ ಬಂತು. ಮಧ್ಯಾಹ್ನದ ಹೊತ್ತಿಗೆ ಸೈಕಲ್ಲು ತುಂಬಿದ ಮನೆಯ ಎಮ್ಮೆಯಂತೆ ಮೈತುಂಬಿಕೊಂಡು ನಿಂತಿತ್ತು. ಅದರಲ್ಲಿ ಆಯ್ತಣ್ಣ ಆರಿಸಿದ್ದು ಒಂದೂ ಇರಲಿಲ್ಲ. ಪೆಡಲನ್ನಾದರೂ ತಾನೇ ಹೇಳೋಣವೆಂದು ಬಾಯಿ ತೆರೆದ, ಅಷ್ಟರಲ್ಲಿ ಅದೂ ಕೂತಾಗಿತ್ತು.

ಉಳಿದದ್ದು ಹ್ಯಾಂಡಲ್. ಭಾವ ಎದ್ದು ಮೊಳೆಯಿಂದ ನೆಟ್ಟನೆಯದೊಂದನ್ನು ಇಳಿಸಿದ.

"ಇದೇ ಹಾಕಿಸು. ನಮ್ಮ ಕಾರ್ಖಾನೆ ಸ್ಟ್ಯಾಂಡಲ್ಲಿ ಡಾಕ್ಟರ ಸೈಕಲ್‌ಗೂ ಇಂಥದ್ದೇ ಇರೋದು. ಓದಿದೋರು ಸುಮ್ನೆ ಹಾಕಿಸ್ತಾರಾ?"

ಡಾಕ್ಟರು ಎಂಬ ಮಾತು ಬಂದದ್ದೇ, ಉಳಿದದ್ದು ಆಯ್ತಣ್ಣನ ಕಿವಿಗೆ ಬೀಳಲಿಲ್ಲ. ಮೇಷ್ಟ್ರು ಎದೆಯೆತ್ತರಕ್ಕೆ ಏಳುವ ಇನ್ನೊಂದು ಹ್ಯಾಂಡಲ್ ತಂದರು. ಇಬ್ಬರೂ ಅದನ್ನೂ ಇದನ್ನೂ ಅವನ ಕೈಗೆ ತುರುಕಿ ಹಿಡಿದು ತೋರಿಸು ಎಂದರು. ನೆಟ್ಟನೆಯದನ್ನು ಹಿಡಿದಾಗ ಮಣಿಕಟ್ಟಿನಿಂದ ಮೊಣಕೈಯವರೆಗೆ ಬೆಂಕಿ ಹರಿಯಿತು. ಎತ್ತರದ್ದನ್ನು ಹಿಡಿದಾಗ ಕಣ್ಣಲ್ಲಿ ನೀರೇ ಬಂತು. ನೋವು ಮುಖಕ್ಕೆ ಬರಬಾರದೆಂದು ಅವನು ನಕ್ಕ. ನಗುತ್ತಾ ಅಳುವ ಆ ಮುಖ ನೋಡಿ ಮೇಷ್ಟ್ರು, ನೋಡು ಎಷ್ಟು ಖುಷಿಯಾಗಿದೆ ಅವನಿಗೆ ಎಂದರು.

"ಇದು ಬೇಡ," ಎಂದ ಆಯ್ತಣ್ಣ.

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ.

"ಏನಂದೆ?" ಭಾವ ಕೇಳಿದ.

"ಎರಡೂ ಬೇಡ ಭಾವ. ಹ್ಯಾಂಡಲ್ ಮಾತ್ರ ನಾನೇ ನೋಡ್ಕೊತೀನಿ."

ಯಾಕೆ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಸೋಮವಾರ ಬೆಳಗಾಗುವುದರೊಳಗೆ ಭಾವನ ಬಾಯಿಂದ ಸ್ಟೋರಿಗೆ, ಸ್ಟೋರಿನಿಂದ ಮ್ಯಾನೇಜರಿಗೆ ಮುಟ್ಟುತ್ತದೆ. ಹೇಳದಿದ್ದರೆ ಕೈ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಇಷ್ಟ ಇಲ್ಲ ಅಷ್ಟೇ ಎಂದು ತೊದಲಿದ. ನೀನು ಯಾವಾಗಿಂದ ಇಷ್ಟ ಕಷ್ಟ ನೋಡೋನಾದೆ ಎಂದು ಭಾವ ಸಿಟ್ಟಾದ.

ಆ ಹೊತ್ತಿಗೆ ಮೇಸ್ತ್ರಿ ಕೆಮ್ಮಿ, ಬ್ರೇಕ್ ಶೂ ಮುಗಿದುಹೋಗಿದೆ, ದೊಡ್ಡ ಅಂಗಡಿಯವನು ಒಬ್ಬರೇ ಹೋದರೆ ಮೋಸ ಮಾಡುತ್ತಾನೆ, ನೀವಿಬ್ಬರೂ ಹೋಗಿ ನೋಡಿ ತರಬೇಕು ಎಂದ. ಮೋಸ ಹಿಡಿಯುವ ಕೆಲಸವೆಂದರೆ ಇಬ್ಬರಿಗೂ ಊಟ ಬೇಡ. ತಕ್ಷಣ ಹೊರಟರು. ಅವರು ತಿರುವು ದಾಟಿದ ಮೇಲೆ ಮೇಸ್ತ್ರಿ ಬ್ರೇಕ್ ಶೂ ತುಂಬಿದ್ದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಮೊಳಕೈಯುದ್ದದ ಎರಡು ದಪ್ಪ ಸೀಸದ ತಂತಿ ತಂದು ಆಯ್ತಣ್ಣನ ಎರಡೂ ಕೈಗೆ ಕೊಟ್ಟ.

"ಕಣ್ಣು ಮುಚ್ಕೊ. ಖಾಲಿ ರಸ್ತೆ, ಹಿಂದಿನಿಂದ ಗಾಳಿ. ಸೈಕಲ್ ಹಿಡಿದಂಗೆ ಹಿಡ್ಕೊ."

ಅದು ಅವನ ಅಳತೆಯ ಕ್ರಮ. ಕಾಲು ಯಾವ ಪೆಡಲಿಗಾದರೂ ಹೊಂದಿಕೊಳ್ಳುತ್ತದೆ, ಕೈ ಹೊಂದಿಕೊಳ್ಳುವುದಿಲ್ಲ, ಕಣ್ಣು ಬಿಟ್ಟರೆ ಮನುಷ್ಯ ಕೈಯಲ್ಲೂ ಸುಳ್ಳು ಹೇಳುತ್ತಾನೆ ಎಂದು ಅವನು ಹೇಳುತ್ತಿದ್ದ. ಆಯ್ತಣ್ಣ ಕಣ್ಣು ಮುಚ್ಚಿದ. ಎಡಗೈಯ ತಂತಿ ನೆಟ್ಟಗೇ ಉಳಿಯಿತು. ಬಲಗೈಯದು ಕೆಳಕ್ಕೂ ಒಳಕ್ಕೂ ಬಾಗಿ ಕೊಕ್ಕೆಯಾಯಿತು.

"ಎಷ್ಟು ದಿನ ಆಯ್ತು ಕೈ ಹೋಗಿ?"

"ಎರಡು ವರ್ಷ."

"ರಾತ್ರಿ ನೋಯುತ್ತಾ?"

ಎರಡು ವರ್ಷದಲ್ಲಿ ಹೊರಗಿನವರು ಯಾರೂ ಆ ಕೈಯನ್ನು ವಿಚಾರಿಸಿರಲಿಲ್ಲ. ಆಯ್ತಣ್ಣ ತಲೆಯಾಡಿಸಿದ. ಯಾರಿಗೂ ಹೇಳಬೇಡಿ ಎಂದು ಮಾತ್ರ ಕೇಳಿಕೊಂಡ. ನನ್ನ ಬಾಯಿಂದ ಹೋಗಲ್ಲ ಬಿಡು ಎಂದು ಮೇಸ್ತ್ರಿ ಒಲೆ ಹೊತ್ತಿಸಿದ.

ಹ್ಯಾಂಡಲಿನ ಕೊಳವೆ ಚಪ್ಪಟೆಯಾಗದಿರಲೆಂದು ಅದರೊಳಗೆ ಒಣ ಮರಳು ತುಂಬಿ, ಎರಡೂ ಬಾಯಿಗೆ ಬಿರಡೆ ಜಡಿದು, ಕೆಂಪಗೆ ಕಾಯಿಸಿ ಬಗ್ಗಿಸಿದ. ಮೂರು ಸಲ ತಂತಿಗೆ ಹೋಲಿಸಿ ನೋಡಿದ. ಬಲಗೈಗೆ ಬ್ರೇಕು ಹಿಡಿಯಲಾಗದೆಂದು ಎರಡು ಬ್ರೇಕನ್ನೂ ಎಡಕ್ಕೆ ಕೂಡಿಸಿದ. ಬಲತುದಿಗೆ ಹಳೆಯ ಟ್ಯೂಬಿನ ಪಟ್ಟಿ ಸುತ್ತಿ ಮಗುವಿನ ತೋಳಿನಷ್ಟು ಮೆತ್ತಗೆ ಮಾಡಿದ. ಸಂಜೆ ಆಯ್ತಣ್ಣ ಹತ್ತಿ ತುಳಿದಾಗ ಬೀದಿ ಮುಗಿದು ಮುಖ್ಯರಸ್ತೆ ಬಂದರೂ ಕೈ ನೋಯಲಿಲ್ಲ. ಸೀಟು ಕಿರ್ರೆಂದಿತು, ಕ್ಯಾರಿಯರ್ ಗಡಗಡವೆಂದಿತು, ಬೆಲ್ಲು ಹಳ್ಳ ಸಿಕ್ಕಲ್ಲೆಲ್ಲ ತಾನೇ ಬಡಿದುಕೊಂಡಿತು. ಆದರೂ ಅವನಿಗೆ ಆದ ಸಂತೋಷ ಇಷ್ಟೆಂದು ಹೇಳಲಾಗದು. ದೇಹದಲ್ಲಿ ಒಂದು ಕೈ ಇದೆಯೆಂಬುದನ್ನು ಮರೆತು ಅವನು ಎಷ್ಟೋ ದಿನವಾಗಿತ್ತು.

ಬ್ರೇಕ್ ಶೂ ತಂದ ಇಬ್ಬರೂ ಹ್ಯಾಂಡಲ್ ನೋಡಿ ನಕ್ಕೂ ನಕ್ಕೂ ಸುಸ್ತಾದರು. ಒಂದು ಕೊಂಬು ಸೊಟ್ಟಗಾದ ಎಮ್ಮೆ ಎಂದ ಭಾವ. ಬಿಚ್ಚಿಸಿ ಬೇರೆ ಹಾಕಿಸು ಎಂದರು ಮೇಷ್ಟ್ರು. ಇರಲಿ ಬಿಡಿ, ನನಗೆ ಹೀಗೇ ಇರಲಿ ಎಂದು ಆಯ್ತಣ್ಣ ಎರಡನೆಯ ಸಲವೂ ಗಟ್ಟಿಯಾಗಿಯೇ ಹೇಳಿದ. ಮನೆಯಲ್ಲಿ ಅಣ್ಣನ ಬಾಯಿಂದ ಎಲ್ಲ ಕೇಳಿದ ಹೆಂಡತಿ ಆ ಸೊಟ್ಟ ತುದಿಯನ್ನು ಸವರಿ ನೋಡಿದಳು.

"ನೀವು ಬೇಡ ಅಂದಿದ್ದನ್ನ ನಾನು ಕೇಳಿದ್ದು ಇದೇ ಮೊದಲು ಕಣ್ರೀ. ಇನ್ಮೇಲೆ ಹೀಗೇ ಇರಿ," ಎಂದಳು.

ಸೋಮವಾರ ಅವನು ಸೈರನ್‌ಗೆ ಇಪ್ಪತ್ತು ನಿಮಿಷ ಮುಂಚೆಯೇ ಗೇಟಿನಲ್ಲಿದ್ದ. ಕಾವಲುಗಾರನಿಗೆ ಬೇಕೆಂದೇ ಎರಡು ಸಲ ಬೆಲ್ಲು ಹೊಡೆದು ತೋರಿಸಿದ. ಬಸ್ಸಿನಲ್ಲಿ ಬರುತ್ತಿದ್ದ ಕಾಲದಲ್ಲಿ ಅವನು ಸೈಕಲ್ ಸ್ಟ್ಯಾಂಡಿನ ಕಡೆ ತಲೆಹಾಕಿದವನಲ್ಲ. ಸೈಕಲ್ಲನ್ನು ಸಾಲಿನಲ್ಲಿ ನಿಲ್ಲಿಸಿ, ಮುಖ ತೊಳೆದುಕೊಂಡು, ಡಬ್ಬಿ ತೆಗೆದುಕೊಳ್ಳಲು ವಾಪಸ್ಸು ಬಂದ. ಪ್ಯಾಂಟಿನ ಕಾಲಿಗೆ ಕ್ಲಿಪ್ಪು ಹಾಕಿದ ಒಬ್ಬರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ತುಂಬಾ ಪ್ರೀತಿಯಿಂದ ಹ್ಯಾಂಡಲನ್ನು ನೋಡುತ್ತಿದ್ದರು. ಪಕ್ಕದಲ್ಲಿ ನೆಟ್ಟನೆ ಹ್ಯಾಂಡಲಿನ ಅವರ ಸೈಕಲ್ಲಿತ್ತು.

"ಎಂಥಾ ಕೆಲಸ ಮಾಡಿದಾನೆ ನೋಡಿ," ಎಂದರು ಅವರು, ಸುತ್ತ ನಿಂತವರಿಗೆ. "ಬಲ ಮಣಿಕಟ್ಟು ಮೇಲಕ್ಕೆ ಏಳಲ್ಲ, ಒಳಗೂ ತಿರುಗಲ್ಲ. ಬೆರಳಲ್ಲಿ ಬಲ ಇಲ್ಲ, ಅದಕ್ಕೇ ಎರಡು ಬ್ರೇಕೂ ಎಡಕ್ಕೆ. ಎಕ್ಸ್‌ರೇನೂ ಇಷ್ಟು ಚೆನ್ನಾಗಿ ಹೇಳಲ್ಲ. ಯಾರದಪ್ಪ ಇದು?"

ಆಯ್ತಣ್ಣ ಹಿಂದಕ್ಕೆ ಒಂದು ಹೆಜ್ಜೆ ಇಟ್ಟ. ಇನ್ನೆರಡು ಹೆಜ್ಜೆ ಸಿಕ್ಕಿದ್ದರೆ ಕಂಬದ ಮರೆಯಾಗುತ್ತಿದ್ದ. ಅಷ್ಟರಲ್ಲಿ ಹಿಂದಿನಿಂದ ಭಾವನ ಕೈ ಅವನ ಹೆಗಲ ಮೇಲೆ ಬಿತ್ತು.

"ನಮ್ಮ ಆಯ್ತಣ್ಣಂದು ಡಾಕ್ಟ್ರೇ. ನನ್ನ ತಂಗಿ ಗಂಡ. ಸೀಟು ನಾನು ಆರಿಸಿದ್ದು."

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ಆಯ್ತಣ್ಣ ತನ್ನ ಮಣಿಕಟ್ಟಿಗೆ ಕನ್ನಡಿ ಮಾಡಿಸಿ, ಅದನ್ನು ಡಾಕ್ಟರ ಪಕ್ಕದಲ್ಲೇ ನಿಲ್ಲಿಸಿದ್ದ. ಸುತ್ತಲಿನವರ ಮಾತು ಕೇಳಿ ಆ ನೆಟ್ಟನೆ ಹ್ಯಾಂಡಲನ್ನೇ ಹಾಕಿಸಿಕೊಂಡಿದ್ದರೆ ಕೈ ನೋಯುತ್ತಿತ್ತು, ಕೆಲಸ ಉಳಿಯುತ್ತಿತ್ತು.

ಡಾಕ್ಟರು ಕೆಟ್ಟವರಲ್ಲ. ಕೋಣೆಯಲ್ಲಿ ಕೂರಿಸಿ, ಕೈಯನ್ನು ಮೆಲ್ಲಗೆ ತಿರುಗಿಸಿ ನೋಡಿ, ಗೊತ್ತಿದ್ದೂ ಸುಮ್ಮನಿರುವ ಹಾಗಿಲ್ಲ ಎಂದು ನೊಂದುಕೊಂಡೇ ಚೀಟಿ ತೆಗೆದರು. ಒಂದೇ ದಾರಿಯಿದೆ ಎಂದೂ ಹೇಳಿದರು. ಪೆಟ್ಟಾದದ್ದು ಕೆಲಸದ ಮೇಲೆ ಎಂದಾದರೆ ಕಾರ್ಖಾನೆ ಅವನನ್ನು ಕೈಬಿಡುವ ಹಾಗಿಲ್ಲ, ಕೂತು ಮಾಡುವ ಬೇರೆ ಕೆಲಸ ಕೊಡಲೇಬೇಕು. ಆಯ್ತಣ್ಣ ಕುರ್ಚಿಯ ಅಂಚಿಗೆ ಸರಿದ. ಬಾಯಿ ತೆರೆದ. ಅದೇ ಹೊತ್ತಿಗೆ ಸುದ್ದಿ ತಿಳಿದ ಸೂಪರ್‌ವೈಸರ್ ಏದುಸಿರು ಬಿಡುತ್ತಾ ಒಳಗೆ ಬಂದ.

"ಕೆಲಸದ ಮೇಲೆ ಎಲ್ಲಿ ಸರ್? ಬೋರ್ಡ್ ನೋಡಿ, ಸಾವಿರದ ನೂರು ದಾಟಿದೆ. ಇವನು ಸೈಕಲ್‌ನಿಂದ ಬಿದ್ದಿದ್ದು. ಆ ಹ್ಯಾಂಡಲ್ ನೋಡಿದ್ರೇ ಗೊತ್ತಾಗಲ್ವಾ?"

ಇದು ಹಳೆಯ ಪೆಟ್ಟು ಎಂದರು ಡಾಕ್ಟರು. ಹಳೆಯ ಪೆಟ್ಟು ಅಂತಲೇ ಬರೆದುಕೊಳ್ಳಿ, ಬಿದ್ದದ್ದು ಸೈಕಲ್‌ನಿಂದಲೇ ಎಂದು ಸೂಪರ್‌ವೈಸರ್, ತಾನೇ ಬರೆಸಿದ ಏಣಿಯ ಕಥೆ ಮರೆತು, ಆಯ್ತಣ್ಣನ ಕಡೆ ತಿರುಗಿದ.

"ಹಾಗೇ ಬರೀಲೇನಪ್ಪಾ?" ಡಾಕ್ಟರು ಕೇಳಿದರು.

ಬೇಡ ಎಂಬ ಮಾತನ್ನು ಆಯ್ತಣ್ಣ ನಿನ್ನೆ ತಾನೇ ಕಲಿತಿದ್ದ. ಅದು ನಾಲಿಗೆಯ ತುದಿಗೂ ಬಂತು. ಆದರೆ ಒಂದು ದಿನದ ಕಲಿಕೆ ಎಷ್ಟು ದೂರ ಬಂದೀತು? ನಲವತ್ತು ವರ್ಷದ ರೂಢಿ ಅದನ್ನು ಹಿಂದಿಕ್ಕಿ ಬಾಯಿಂದ ಹೊರಬಿತ್ತು.

ಅರ್ಧ ಗಂಟೆಯ ಮೇಲೆ ಅವನು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಸೈಕಲ್ಲು ತಳ್ಳುತ್ತಾ ಗೇಟಿಗೆ ಬಂದ. ಸೈಕಲ್ ತುಳಿಯಕೂಡದೆಂದೂ ಅದರಲ್ಲಿ ಬರೆದಿತ್ತು. ಕಾವಲುಗಾರ ಏಣಿ ಹಾಕಿಕೊಂಡು ಬೋರ್ಡಿನ ಅಂಕಿ ಬದಲಾಯಿಸುತ್ತಿದ್ದ. ಅಪಘಾತವಿಲ್ಲದೆ ೧೧೪೦ ದಿನ. ಏಣಿ ಅಲುಗಾಡುತ್ತಿತ್ತು.

"ಒಂಚೂರು ಏಣಿ ಹಿಡ್ಕೊಳ್ಳೋ, ಬಿದ್ದುಗಿದ್ದೇನು," ಎಂದ ಅವನು ಮೇಲಿನಿಂದ.

ಆಯ್ತಣ್ಣ ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು, ಎಡಗೈಯಲ್ಲಿ ಏಣಿ ಹಿಡಿದ.

"ಆಯ್ತು," ಎಂದ.